ಡ್ಯಾಶ್‌ಬೋರ್ಡಿನ ಹಿಂದೆ ತುಂಡಾಗಿದ್ದ ವಯರು

ಗೆಳೆಯರೇ, ಕಾಂದಿವಲಿಯ ನನ್ನ ಗ್ಯಾರೇಜಿನಲ್ಲಿ ಯಾವ ವಯರು ತುಂಡಾಗಿದ್ದರೂ ನಾವು ಬೈಯುವುದು ಇಲಿಯನ್ನೇ. ಇವತ್ತೂ ಹಾಗೇ ಮಾಡಿದ್ದರೆ ಚೆನ್ನಾಗಿತ್ತು. ನನ್ನ ನಾಲಿಗೆಗೆ ಬೆಂಕಿ ಬೀಳಲಿ.

ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರು. ತೀರಿಹೋದ ಅಪ್ಪನ ನೆನಪಿಗೆಂದು ಮಗ ಅದನ್ನು ಮೊದಲಿನಂತೆ ಮಾಡಿಸುತ್ತಿದ್ದಾನೆ. ಮೀಟರುಗಳನ್ನು ಕಳಚಿ ಡ್ಯಾಶ್‌ಬೋರ್ಡ್ ಇಳಿಸಿದರೆ, ಹಿಂದೆ ಇಗ್ನಿಷನ್ ವಯರು ನೀಟಾಗಿ ತುಂಡಾಗಿತ್ತು. ಮಗ ಫೋನ್ ಬಂದು ಹೊರಗೆ ಹೋಗಿದ್ದ. ಜೊತೆಗೆ ಬಂದಿದ್ದ ಅವನ ತಾಯಿ ಪಕ್ಕದಲ್ಲೇ ನಿಂತಿದ್ದರು.

"ಇದು ಇಲಿ ಅಲ್ಲ ಅಮ್ಮಾ, ಯಾರೋ ಬೇಕಂತಲೇ ಕತ್ತರಿಸಿದ್ದು. ಎಂಥ ಪಾಪಿ ಮಾರಾಯ್ರೆ!" ಎಂದೆ.

"ನಾನೇ ಕತ್ತರಿಸಿದ್ದು" ಎಂದರು. "ಅವ್ರು ತುಂಬಾ ಕುಡಿದಿದ್ರು. ಕಾರು ಸ್ಟಾರ್ಟ್ ಆಗ್ಲಿಲ್ಲ ಅಂತ ಪಕ್ಕದ ಮನೆಯವರ ಬೈಕ್ ತಗೊಂಡು ಹೋದ್ರು. ಹೈವೇಯಲ್ಲಿ ಲಾರಿ ಅಡಿಗೆ ಬಿದ್ರು. ವಯರಿನ ವಿಷಯ ಮಗನಿಗೆ ಗೊತ್ತಿಲ್ಲ."

ಅಷ್ಟರಲ್ಲಿ ಮಗ ಒಳಗೆ ಬಂದ. "ಅಂಕಲ್, ಪ್ರಾಬ್ಲಮ್ ಮಿಲಾ ಕ್ಯಾ? ಏನಾಗಿತ್ತು?"

ವಯರಿನ ಎರಡೂ ತುದಿಗಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೆ. "ಇಲಿ ಕಡಿದದ್ದು."

ಮುಂಬಯಿಯ ಇಲಿಗಳು ಎಷ್ಟೋ ಆರೋಪಗಳನ್ನು ಹೊತ್ತಿವೆ. ಇದೊಂದನ್ನೂ ಹೊರಲಿ.