ಗೋಡೆಯ ಮೇಲಿನ ಮಣೆ

1954ರಲ್ಲಿ ನಾನು ಮಾಟುಂಗದ ಒಂದು ಬೆಳಗಿನ ಕಾಲೇಜಿನಲ್ಲಿ ಇಂಗ್ಲಿಷ್ ಲೆಕ್ಚರರ್ ಆಗಿದ್ದೆ. ಬೆಳಗಿನ ಕಾಲೇಜು ಎಂದರೆ ಹಗಲಿಡೀ ದುಡಿಯುವವರ ಕಾಲೇಜು. ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವರು, ರೈಲ್ವೆ ಗುಮಾಸ್ತರು, ಕಾರ್ಖಾನೆಯ ಅಪ್ರೆಂಟಿಸುಗಳು ಅಲ್ಲಿ ಇಂಟರ್ ಆರ್ಟ್ಸ್ ಓದುತ್ತಿದ್ದರು. ಮೊದಲ ಪಿರಿಯಡ್ ಆರೂವರೆಗೆ. ಆರೂವರೆಗೆ ಸರಿಯಾಗಿ ನಾನು ಬಾಗಿಲಿಗೆ ಚಿಲಕ ಹಾಕುತ್ತಿದ್ದೆ. ಮಂಗಳೂರಿನ ಬೋರ್ಡಿಂಗ್ ಶಾಲೆಯಲ್ಲಿ ಗಂಟೆಗೆ ಎದ್ದು, ಗಂಟೆಗೆ ಉಂಡು ಬೆಳೆದವನಿಗೆ ಇದರಲ್ಲಿ ಕಠಿಣವಾದದ್ದೇನೂ ಕಾಣುತ್ತಿರಲಿಲ್ಲ. ಹುಡುಗರು ಬೈದುಕೊಳ್ಳುತ್ತಿದ್ದರು. ಆದರೆ ಹೊತ್ತಿಗೆ ಬರುತ್ತಿದ್ದರು.

ಆ ವರ್ಷ ಗ್ರೀಕರ ಒಂದು ಪುರಾತನ ಮಹಾಕಾವ್ಯ, ಸರಳ ಇಂಗ್ಲಿಷ್ ಗದ್ಯದಲ್ಲಿ, ಪಠ್ಯವಾಗಿತ್ತು. ಇಂಗ್ಲಿಷ್ ತೊಡಕಾಗುತ್ತಿದ್ದ ಕನ್ನಡದ ಹುಡುಗರಿಗೆ ಶನಿವಾರ ಕನ್ನಡದಲ್ಲಿ ಟ್ಯುಟೋರಿಯಲ್ ಇಟ್ಟಿದ್ದೆ. ಕಥೆ ಇಷ್ಟು: ಯುದ್ಧಕ್ಕೆ ಹೋದ ರಾಜ ಇಪ್ಪತ್ತು ವರ್ಷ ಮನೆಗೆ ಬರುವುದಿಲ್ಲ. ಅವನು ಸತ್ತನೆಂದು ಬಗೆದ ಗಂಡಸರು ಅವನ ಅರಮನೆಯಲ್ಲಿ ಠಿಕಾಣಿ ಹೂಡಿ, ಅವನ ಅನ್ನ ತಿನ್ನುತ್ತ, ನಮ್ಮಲ್ಲಿ ಒಬ್ಬನನ್ನು ಮದುವೆಯಾಗು ಎಂದು ರಾಣಿಯನ್ನು ಪೀಡಿಸುತ್ತಾರೆ. ರಾಣಿ ಒಪ್ಪದೆ ಕಾಯುತ್ತಾಳೆ, ಮಗ ಹಲ್ಲು ಕಚ್ಚಿ ಬೆಳೆಯುತ್ತಾನೆ. ಕೊನೆಗೆ ರಾಜ ಬಂದು, ಮಗನ ಜೊತೆ ಸೇರಿ, ಬಾಗಿಲು ಹಾಕಿಸಿ ತನ್ನ ಹಳೆಯ ಬಿಲ್ಲಿನಿಂದ ಅವರನ್ನೆಲ್ಲ ಕೊಲ್ಲುತ್ತಾನೆ. ನಡುದಾರಿಯಲ್ಲಿ ಒಬ್ಬ ದ್ವೀಪದೇವತೆ ರಾಜನನ್ನು ಏಳು ವರ್ಷ ತನ್ನಲ್ಲೇ ಇಟ್ಟುಕೊಂಡಿದ್ದಳು. ಇದನ್ನು ಒಂದೇ ವಾಕ್ಯದಲ್ಲಿ ದಾಟಿಸಿದೆ. ಪರೀಕ್ಷೆಯಲ್ಲಿ ಅದನ್ನು ಯಾರೂ ಕೇಳುತ್ತಿರಲಿಲ್ಲ.

ಕೇಳುತ್ತಿದ್ದುದು ಮಂಚದ ವಿಷಯ. ನೆಲದಲ್ಲಿ ಬೇರೂರಿದ್ದ ಜೀವಂತ ಮರದ ಬೊಡ್ಡೆಯನ್ನೇ ಕೆತ್ತಿ ರಾಜ ತನ್ನ ಮದುವೆಯ ಮಂಚ ಮಾಡಿದ್ದ. ಅದನ್ನು ಕದಲಿಸಲು ಬರುವುದಿಲ್ಲ ಎಂಬುದು ಗಂಡಹೆಂಡಿರಿಗಷ್ಟೇ ಗೊತ್ತು. ಹೀಗೆ ಒಂದು ವಸ್ತು ತನಗಿಂತ ದೊಡ್ಡದಾದ ಮಾತನ್ನು ಹೇಳಿದರೆ ಅದು ಸಂಕೇತ, ಇಂಗ್ಲಿಷಿನಲ್ಲಿ ಸಿಂಬಲ್. ಅರ್ಥವಾಗಲಿ ಎಂದು ಒಂದು ಕೆಲಸ ಕೊಟ್ಟೆ: ನಿಮ್ಮ ಮನೆಯಲ್ಲಿ ಅಂಥ ವಸ್ತು ಯಾವುದಿದೆ, ಮುಂದಿನ ಶನಿವಾರ ಎದ್ದುನಿಂತು ಹೇಳಬೇಕು.

ಹೆಚ್ಚಿನವರು ದೇವರ ಫೋಟೋ, ಅಜ್ಜನ ಬೆತ್ತ ಎಂದರು. ಶಿವಾನಂದ ಎಂಬವನು ಮಾತ್ರ ಕಣ್ಣು ಕೆಂಪು ಮಾಡಿಕೊಂಡು ಎದ್ದ. ವಿಜಾಪುರ ಕಡೆಯ ಹುಡುಗ, ಇಪ್ಪತ್ತು ವಯಸ್ಸು, ಕಾಂದಿವಲಿಯ ಕಾರ್ಖಾನೆಯಲ್ಲಿ ಫಿಟರ್ ಅಪ್ರೆಂಟಿಸ್. ತಾಯಿ ಗಂಗವ್ವ ಸಯನ್ನಿನ ಒಂದು ಚಾಳಿನಲ್ಲಿ ಖಾನಾವಳಿ ನಡೆಸುತ್ತಿದ್ದರು.

"ನಮ್ಮಪ್ಪನ ಮಣಿ ಐತ್ರೀ ಸರ್, ಊಟಕ್ಕ ಕೂಡೋದು. ನಾಕೂ ಮೂಲ್ಯಾಗ ಹಿತ್ತಾಳಿ ಹೂವಿನ ಮೊಳಿ ಬಡದಾರ. ಅಪ್ಪ ಬಸ್ರಾಕ್ಕ ಹೋದಾಗಿಂದ ಗ್ವಾಡಿಗೆ ತೂಗಹಾಕೇವಿ. ಮಂದಿ ಎಲ್ಲಾ ಚಾಪಿ ಮ್ಯಾಲ ಕೂತು ಉಣ್ತಾರ. ಅದರ ಮ್ಯಾಲ ಯಾರೂ ಕೂಡೂದಿಲ್ಲ. ಸೋಮವಾರಕ್ಕೊಮ್ಮಿ ನಾನ ಎಣ್ಣಿ ಹಚ್ಚಿ ಒರಸ್ತೀನಿ."

ಅವನ ತಂದೆ ಚೆನ್ನಪ್ಪ ಯುದ್ಧಕಾಲದಲ್ಲಿ ಒಬ್ಬ ಕಂತ್ರಾಟುದಾರನ ಸ್ಟೋರ್‌ಕೀಪರ್ ಆಗಿ ಇರಾಕಿನ ಬಸ್ರಾಕ್ಕೆ ಹಡಗು ಹತ್ತಿದ್ದರು. ಮೊದಮೊದಲು ಕಾಗದ ಬಂದವು, ಆಮೇಲೆ ಇಲ್ಲ.

ಉಡುಪಿಯ ವಾಸು, ದಾದರಿನ ಹೋಟೆಲಿನ ಕ್ಯಾಶಿಯರ್, ಹಿಂದಿನ ಬೆಂಚಿನಿಂದ ಕೇಳಿದ: "ಹಾಗಾದ್ರೆ ನಿನ್ನ ಮನೆಯಲ್ಲಿ ಉಣ್ಣುವವರೆಲ್ಲ ಆ ಕಾವ್ಯದ ಪುಂಡರಾ ಮಾರಾಯ? ಅವರು ಬಿಟ್ಟಿ ತಿಂದವರು. ನಿಮ್ಮವರು ತಿಂಗಳಿಗೆ ಮುಂಗಡ ಕೊಡ್ತಾರಲ್ಲ!"

ತರಗತಿ ನಕ್ಕಿತು. ಶಿವಾನಂದ ನಗಲಿಲ್ಲ. "ದುಡ್ಡು ಕೊಟ್ಟು ಉಣ್ಣಾವ ಉಣ್ಣಲಿ. ದುಡ್ಡು ಕೊಟ್ಟು ಕಣ್ಣು ಹಾಕಿದ್ರ?" ಎಂದು ಕುಳಿತ.

ದೀಪಾವಳಿ ರಜೆಯ ನಂತರ ಅವನ ಪ್ರಶ್ನೆಗಳು ಬೇರೆಯಾದವು. ಕಾಳಗಕ್ಕೆ ಮುಂಚೆ ತಂದೆಮಗ ಹಜಾರದ ಆಯುಧಗಳನ್ನು ಹೇಗೆ ಸರಿಸಿದರು? ಬಾಗಿಲು ಕಾಯ್ದವರು ಯಾರು? ಮೊದಲು ಸತ್ತವನು ಕುಡಿಯುತ್ತಿದ್ದನೇ, ಉಣ್ಣುತ್ತಿದ್ದನೇ? ಹುಡುಗ ಪಠ್ಯ ಚೆನ್ನಾಗಿ ಓದುತ್ತಿದ್ದಾನೆ ಎಂದುಕೊಂಡೆ.

ಡಿಸೆಂಬರಿನ ಒಂದು ಬೆಳಿಗ್ಗೆ ಅವನು ಮೊದಲ ಸಲ ತಡವಾಗಿ ಬಂದ. ನಾನು ಚಿಲಕ ತೆಗೆಯಲಿಲ್ಲ. ಪಿರಿಯಡ್ ಮುಗಿಯುವ ತನಕ ಕಿಟಕಿಯ ಹೊರಗೆ ನಿಂತೇ ಇದ್ದ. ಹೊರಗೆ ಬಂದಾಗ ಹೇಳಿದ:

"ನಿನ್ನೆ ಈರಪ್ಪ ನಮ್ಮಪ್ಪನ ಮಣಿ ಮ್ಯಾಲ ಕೂತು ಉಂಡ್ರೀ. ಅವ್ವ ತನ್ನ ಕೈಯಾರೆ ಇಳಿಸಿ ಕೊಟ್ಟಾಳ."

ಈರಪ್ಪ ಖಾನಾವಳಿಯ ಹಳೆಯ ಗಿರಾಕಿ, ಮಿಲ್ಲಿನಲ್ಲಿ ನೇಯ್ಗೆಯ ಕೆಲಸ. ಶಿವಾನಂದನ ಕೈಚೀಲ ಒಂದು ಕಡೆಗೆ ಜೋತಿತ್ತು.

"ಎಂತದು ಅದರೊಳಗೆ? ಈಚೆ ಕೊಡು."

ಕಾರ್ಖಾನೆಯ ಕಾನಸು, ಅಂದರೆ ಕಬ್ಬಿಣ ಉಜ್ಜುವ ಅರ. ತುದಿಯನ್ನು ಸಾಣೆ ಹಿಡಿದು ದಬ್ಬಣದಂತೆ ಮಾಡಿದ್ದ. "ಬಿಲ್ಲು ಇಲ್ರೀ ಸರ್. ಇದೈತಿ."

"ಕ್ಲಾಸಿಗೆ ತರಬಾರದ್ದನ್ನು ತಂದರೆ ಅದು ಸ್ಟಾಫ್ ರೂಮಿನ ಕಪಾಟಿಗೆ," ಎಂದು ಕೈ ಚಾಚಿದೆ. ಕೊಟ್ಟ. ಮೇಷ್ಟರು ಕೇಳಿದರೆ ಕೊಡಬೇಕೆಂಬುದು ಅವನ ರಕ್ತದಲ್ಲಿತ್ತು. ಕೊಟ್ಟಮೇಲೆ ತಣ್ಣಗೆ ಅಂದ: "ಹೊಸಾದು ಮಾಡ್ಕೋತೀನ್ರೀ. ನಮ್ಮಲ್ಲಿ ಕಾನಸಿಗೇನೂ ಬರ ಇಲ್ಲ."

ಬೆದರಿಸುವವರನ್ನು ನಾನು ಬೇಕಾದಷ್ಟು ನೋಡಿದ್ದೆ. ಇವನು ಬೆದರಿಸುತ್ತಿರಲಿಲ್ಲ, ವರದಿ ಕೊಡುತ್ತಿದ್ದ. ಪೊಲೀಸರಿಗೆ ಹೇಳಿದರೆ ಹುಡುಗನ ಬಾಳು ಹಾಳು, ಹೇಳದಿದ್ದರೆ ಒಬ್ಬ ನೇಕಾರನ ಹೊಟ್ಟೆಗೆ ಆ ಕಬ್ಬಿಣ. ಆ ಭಾನುವಾರ, ಶಿವಾನಂದ ಓವರ್‌ಟೈಮಿಗೆ ಹೋಗಿದ್ದ ಹೊತ್ತು ನೋಡಿ, ನಾನು ಸಯನ್ನಿಗೆ ಹೋದೆ.

ಖಾನಾವಳಿ ಎಂದರೆ ಚಾಳಿನ ನೆಲ ಅಂತಸ್ತಿನಲ್ಲಿ ಎರಡು ಕೋಣೆ. ಮುಂದಿನದರಲ್ಲಿ ಉದ್ದಕ್ಕೆ ಚಾಪೆ, ಹಿಂದಿನದರಲ್ಲಿ ಕಟ್ಟಿಗೆಯ ಒಲೆ. ಗೋಡೆಯ ಮೇಲೆ ಮಣೆ ತನ್ನ ಜಾಗಕ್ಕೆ ಮರಳಿತ್ತು. ಅದರ ಕೆಳಗೆ ಕಾಲು ಚಾಚಿ ಕುಳಿತಿದ್ದ ಮುದುಕನೇ ಈರಪ್ಪ. ಮೊಣಕಾಲು ಕುಂಬಳಕಾಯಿಯಷ್ಟು ಊದಿತ್ತು.

"ಬರ್ರಿ ಮಾಸ್ತರ. ನಿಮ್ಮ ಶಿಷ್ಯಾ ನನ್ನ ಕಡೆ ನೋಡೂದು ಹೆಂಗೈತಿ ಅಂದ್ರ, ಅನ್ನದಾಗ ಹಳ್ಳು ಸಿಕ್ಕಂಗ," ಎಂದು ನಕ್ಕ.

ಗಂಗವ್ವ ರೊಟ್ಟಿ ಬಡಿಯುತ್ತಿದ್ದರು. ಕಾನಸಿನ ಸಂಗತಿ ಹೇಳಿದೆ. ಕೈ ನಿಲ್ಲಲಿಲ್ಲ.

"ಗೊತ್ತೈತ್ರಿ. ಮನಿಗೆ ಬಂದ್ರ ನನ್ನ ಮಾರಿ ನೋಡೂದಿಲ್ಲ, ನನ್ನ ಕೈಯಾನ ಬಳಿ ನೋಡ್ತಾನ, ಎಷ್ಟು ಅದಾವ ಅಂತ. ಮೊಣಕಾಲ ಮಡಚಾಕ ಬರದ ಮುದುಕಗ ಮಣಿ ಕೊಟ್ಟೆ. ಮಣಿ ಇರೂದು ಕೂಡಾಕ, ಹೌದಿಲ್ರಿ?"

"ಮಗನಿಗೆ ಹಾಗೆ ಹೇಳಬಹುದಿತ್ತಲ್ಲ?"

ಅವರು ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಮೊದಲ ಸಲ ನನ್ನತ್ತ ತಿರುಗಿದರು. "ಹೇಳೂದು ಇನ್ನೊಂದೈತಿ. ಅವರಪ್ಪ ಬಸ್ರಾದಾಗ ಇಲ್ಲ. ಸಾಂತಾಕ್ರೂಜನ್ಯಾಗ ಅದಾರ. ಏಳು ವರ್ಷ ಆತು. ಬ್ಯಾರೆ ಸಂಸಾರ ಮಾಡ್ಯಾರ."

ಸುದ್ದಿ ತಂದವನು ಈರಪ್ಪನೇ. ಗಂಗವ್ವ ನಂಬದೆ ತಾವೇ ಲೋಕಲ್ ಹತ್ತಿ ಹೋಗಿ, ರಸ್ತೆಯ ಆಚೆ ಬದಿ ನಿಂತು ನೋಡಿದ್ದರು. "ಪಡಸಾಲ್ಯಾಗ ಉಣ್ಣಾಕ ಕೂತಿದ್ರು. ಮಣಿ ಮ್ಯಾಲ. ಆಕಿ ಬಡಸಾಕತ್ತಿದ್ಲು. ನಾ ಮುಂದಿನ ಗಾಡಿಗೆ ಹೊಳ್ಳಿ ಬಂದೆ. ರಾತ್ರಿ ಊಟಕ್ಕ ಮಂದಿ ಬರೂರಿದ್ರು."

"ಮತ್ತೆ ಈ ಮಣೆಯನ್ನು ಗೋಡೆಯ ಮೇಲೆ ಯಾಕೆ ಇಟ್ಟಿರಿ?"

"ಇದು ದಿನಾ ಗಂಡಸೂರು ಬಂದು ಹೋಗೂ ಮನಿ ರೀ. ಗ್ವಾಡಿ ಮ್ಯಾಲ ಒಬ್ಬ ಗಂಡಸಿನ ಮಣಿ ಇದ್ರ ಅವರ ನಾಲಿಗಿ ಹದ್ದಬಸ್ತಿನ್ಯಾಗ ಇರತಾವ. ನಾಯಿ ಸಾಕೂದರ ಬದ್ಲಿ ಅದನ್ನ ಇಟ್ಟೆ. ಎಣ್ಣಿ ಹಚ್ಚಾವ ಮಗ. ನಾ ಅಲ್ಲ."

ನಾನು ತರಗತಿಯಲ್ಲಿ ಮಂಚದ ಬಗ್ಗೆ ಅಷ್ಟೆಲ್ಲ ಹೇಳಿದ್ದೆ. ಈ ಅರ್ಥ ಯಾವ ಗೈಡಿನಲ್ಲೂ ಇರಲಿಲ್ಲ.

ಮುಂದಿನ ಮಾತನ್ನು ಅವರು ಒಲೆಗೆ ಕಟ್ಟಿಗೆ ಒಟ್ಟುತ್ತ ಹೇಳಿದರು. ಆ ಹೆಂಗಸು ಚೆನ್ನಪ್ಪನನ್ನು ಹೊರಗೆ ಹಾಕಿದ್ದಾಳೆ. ಮನೆಗೆ ಬರುತ್ತೇನೆ ಎಂದು ಅವರು ಈರಪ್ಪನ ಮೂಲಕ ಹೇಳಿ ಕಳಿಸಿದ್ದಾರೆ. "ಬರುವ ಐತವಾರ ಊಟಕ್ಕ ಬರ್ರಿ ಅಂದೀನಿ. ನೀವೂ ಬರ್ರಿ ಮಾಸ್ತರ. ಆ ಹುಡುಗ ಮಾತು ಕೇಳೂದು ನಿಮ್ಮದೊಂದ. ಅಲ್ಲೀತನಕ ಏನೂ ಹೇಳಬ್ಯಾಡ್ರಿ. ಅವನ ಕಣ್ಣೀಲೆ ಅವ ನೋಡ್ಲಿ."

ಆ ವಾರವಿಡೀ ಶಿವಾನಂದ ಆರೂಕಾಲಿಗೇ ಬಂದು ಮೊದಲ ಬೆಂಚಿನಲ್ಲಿ ಕೂರುತ್ತಿದ್ದ. ಚೀಲ ಹಗುರವಾಗಿತ್ತು. ಅಂಗಿಯನ್ನು ಮಾತ್ರ ಎಂದೂ ಇಲ್ಲದಂತೆ ಹೊರಗೆ ಬಿಟ್ಟಿರುತ್ತಿದ್ದ. ನಾನು ನೋಡಿದೆ, ಕೇಳಲಿಲ್ಲ. ಈರಪ್ಪನಿಗೆ ಮಾತ್ರ ಆ ವಾರ ಮಿಲ್ಲಿನ ಹತ್ತಿರವೇ ಉಣ್ಣಲು ಹೇಳಿ ಕಳಿಸಿದೆ.

ಭಾನುವಾರ ಮಧ್ಯಾಹ್ನ ಚಾಪೆ ತುಂಬಿತ್ತು. ಈರಪ್ಪನೂ ಬಂದು ಮೂಲೆಯಲ್ಲಿ ಕಾಲು ಚಾಚಿದ್ದ. ಶಿವಾನಂದ ನೀರು ಕೊಡುತ್ತ ಅವನ ಸುತ್ತಲೇ ಸುಳಿಯುತ್ತಿದ್ದ. ನಾನು ಇಬ್ಬರ ನಡುವೆ ಕುಳಿತೆ. ಗೋಡೆಯ ಮೊಳೆ ಖಾಲಿ ಇತ್ತು.

ಬಾಗಿಲಲ್ಲಿ ಇಸ್ತ್ರಿ ಧೋತರದ, ಕೊಡೆ ಹಿಡಿದ ಒಬ್ಬರು ನಿಂತರು. ಶಿವಾನಂದನ ಕೈಯಿಂದ ತಂಬಿಗೆ ಬಿತ್ತು.

"ಅಪ್ಪಾ!"

ಅವನು ಹೋಗಿ ಕಾಲಿಗೆ ಬಿದ್ದದ್ದು, ತಾನೇ ನೀರು ತಂದು ಆ ಕಾಲು ತೊಳೆದದ್ದು, ಅಳುತ್ತ ಎಲ್ಲರ ಕಡೆ ತಿರುಗಿ "ನಮ್ಮಪ್ಪ ಬಂದ್ರೀ, ನಮ್ಮಪ್ಪ!" ಎಂದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆಮೇಲೆ ಅವನ ದೃಷ್ಟಿ ಖಾಲಿ ಮೊಳೆಗೆ ಹೋಯಿತು, ಅಲ್ಲಿಂದ ಈರಪ್ಪನಿಗೆ. "ಮಣಿ ಎಲ್ಲೈತಿ? ಏಳೋ ಮುದುಕಾ, ಎಲ್ಲಿಟ್ಟಿ?"

"ಶಿವಾ," ಗಂಗವ್ವ ಒಳಗಿನಿಂದ ಬಂದರು. "ಪಾವಣ್ಯಾರನ್ನ ಕೂಡಸು. ಅಡಗಿ ಆಗೇತಿ." ಆ ಅತಿಥಿಗೆ ಅವರು ತೋರಿಸಿದ್ದು ಬಾಗಿಲ ಪಕ್ಕದ ಚಾಪೆಯ ತುದಿ. ಚಪ್ಪಲಿಗಳ ಹತ್ತಿರದ ಆ ಜಾಗದಲ್ಲಿ ಗುರುತಿಲ್ಲದ ಗಿರಾಕಿಗಳನ್ನು ಕೂರಿಸುತ್ತಿದ್ದರು.

ಚೆನ್ನಪ್ಪ ನಕ್ಕಂತೆ ಮಾಡಿ ಕುಳಿತರು. ಗಂಗವ್ವ ತಾವೇ ಬಡಿಸಿದರು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಯಾವುದರಲ್ಲೂ ಕೊರತೆ ಇಲ್ಲ. ಅವರು ಹಸಿದಿದ್ದರು, ಚೆನ್ನಾಗಿ ಉಂಡರು. ಹೊಟ್ಟೆ ತುಂಬುತ್ತ ಬಂದಂತೆ ಮನೆಯ ಯಜಮಾನನ ದನಿಯೂ ಬಂತು.

"ರೊಟ್ಟಿ ಅಂದ್ರ ಇದು ನೋಡು. ಬಸ್ರಾದಾಗ ಇದನ್ನ ನೆನಸಿ ನೆನಸಿ ಸಾಯ್ತಿದ್ದೆ. ಅಲ್ಲಾ, ನನ್ನ ಮಣಿ ಎಲ್ಲಿ ಇಟ್ಟೀಯ?"

ಗಂಗವ್ವ ಒಳಗೆ ಹೋದರು. ಇಕ್ಕಳದಿಂದ ಒಲೆಯ ಬೂದಿ ಕೆದಕುವ ಸದ್ದು ಕೇಳಿಸಿತು. ಒಂದು ತಟ್ಟೆ ಹಿಡಿದು ಬಂದು ಅವರ ಮುಂದೆ ಇಟ್ಟರು. ಅದರಲ್ಲಿ ಹೂವಿನಾಕಾರದ ನಾಲ್ಕು ಹಿತ್ತಾಳೆ ಮೊಳೆಗಳು ಕಪ್ಪಾಗಿ ಹೊಗೆಯಾಡುತ್ತಿದ್ದವು.

"ಅದರ ಉರೀಲೆ ಬೆಂದ ರೊಟ್ಟಿ ಉಂಡ್ರಿ. ಸಾಂತಾಕ್ರೂಜನ್ಯಾಗ ಇನ್ನೊಂದು ಮಣಿ ಇತ್ತಲ್ಲ, ಏಳು ವರ್ಷ ಅದರ ಮ್ಯಾಲ ಕೂತ್ರಿ. ಅಲ್ಲಿಂದ ಸಯನ್‌ಗೆ ಬರಾಕ ಗಾಡಿ ಇರಲಿಲ್ಲೇನು? ನನಗ ಸಿಕ್ಕಿತ್ತು. ಹೋಗಿ ನೋಡಿ ಬಂದೀನಿ."

ಉಣ್ಣುತ್ತಿದ್ದವರ ಕೈಗಳೆಲ್ಲ ನಿಂತವು. ಚೆನ್ನಪ್ಪ ತಲೆ ಎತ್ತಲಿಲ್ಲ. ಇದು ಸುಳ್ಳು ಎನ್ನಲೂ ಇಲ್ಲ. ಶಿವಾನಂದ ತಂದೆಯ ಬಾಯಿಂದ ಆ ಒಂದು ಮಾತಿಗಾಗಿ ಕಾದ. ಬರಲಿಲ್ಲ. ಅವನ ಕೈ ಅಂಗಿಯ ಕೆಳಗೆ ಹೋಯಿತು. ಹೊಸ ಕಾನಸು ಹೊರಬಂತು. ಈಗ ಅದರ ತುದಿ ಈರಪ್ಪನ ಕಡೆಗಿರಲಿಲ್ಲ. ನಾನು ಎದ್ದೆ. ನನಗಿಂತ ಮುಂಚೆ ಗಂಗವ್ವ ಮಗನ ಮುಂದೆ ನಿಂತಿದ್ದರು.

"ಕೈ ಇಳಸು. ಈ ಸೇಡು ನಂದು. ನಾ ತೀರಿಸೀನಿ. ನಿನಗೇನೂ ಉಳಿಸಿಲ್ಲ."

ಹುಡುಗ ನನ್ನ ಕಡೆ ನೋಡಿದ. ನಾನು ತರಗತಿಯಲ್ಲಿ ಚಾಚಿದಂತೆಯೇ ಕೈ ಚಾಚಿದೆ. ಕಾನಸು ನನ್ನ ಅಂಗೈಗೆ ಬಂತು, ಅವನ ಮೈಯ ಬಿಸಿ ಇನ್ನೂ ಅದರಲ್ಲಿತ್ತು.

ಚೆನ್ನಪ್ಪ ಏಳಲು ಹೋದರು. "ಕೂಡ್ರಿ," ಎಂದರು ಗಂಗವ್ವ. "ಮೊಸರನ್ನ ಐತಿ. ನಮ್ಮ ಖಾನಾವಳ್ಯಾಗ ಯಾರೂ ಅರ್ಧಕ್ಕ ಏಳೂದಿಲ್ಲ." ಆ ತಟ್ಟೆಯನ್ನು ಎದುರಿಗಿಟ್ಟುಕೊಂಡೇ ಅವರು ಮೊಸರನ್ನ ಉಣ್ಣಬೇಕಾಯಿತು. ಕೈ ತೊಳೆದು, ಕೊಡೆ ತೆಗೆದುಕೊಂಡು ಅವರು ಹೊರಟಾಗ ಈರಪ್ಪ ಮೆಲ್ಲಗೆ ನನ್ನ ಕಿವಿಯಲ್ಲಿ ಅಂದ: "ಮಾಸ್ತರ, ಇದಕ್ಕಿಂತ ನನ್ನ ಹೊಟ್ಟ್ಯಾಗ ಕಾನಸ ಬೀಳೂದು ಸಣ್ಣ ಶಿಕ್ಷಾ ಇತ್ತ ನೋಡ್ರಿ." ವಾಸುವಿನ ಮಾತು ನೆನಪಾಯಿತು. ಅತಿಥಿಯಾದ ನನ್ನನ್ನು ಬಿಟ್ಟರೆ, ಆ ಪಂಕ್ತಿಯಲ್ಲಿ ಬಿಟ್ಟಿ ಉಂಡವರು ಚೆನ್ನಪ್ಪ ಒಬ್ಬರೇ.

ಸೇಡು ಕೆಟ್ಟದ್ದು ಎಂದು ಮಕ್ಕಳಿಗೆ ಕಲಿಸುವುದು ಮೇಷ್ಟರ ಧರ್ಮ. ಆದರೆ ಆ ಮಧ್ಯಾಹ್ನ ಲೋಕಲ್ಲಿನಲ್ಲಿ ಕುಳಿತಾಗ ನನಗೆ ಆಗಿದ್ದು ತೃಪ್ತಿಯೇ.

ಮರುದಿನ ಶಿವಾನಂದ ಹೊತ್ತಿಗೆ ಸರಿಯಾಗಿ ಬಂದ. ಪಾಠದ ಕೊನೆಗೆ ಎದ್ದುನಿಂತ. "ಸರ್, ರಾಜಾ ಮನಿಗೆ ಬಂದಮ್ಯಾಲ ಎಲ್ಲಾರನ್ನೂ ಪರೀಕ್ಷೆ ಮಾಡ್ತಾನ. ಹೇಣ್ತಿನ್ನ, ಆಳುಗಳನ್ನ, ಮುಪ್ಪಾದ ಅಪ್ಪನ್ನೂ ಬಿಡಂಗಿಲ್ಲ. ಆ ದ್ವೀಪದಾಗ ಏಳು ವರ್ಷ ಏನ್ ಮಾಡ್ದಿ ಅಂತ ಅವನ್ನ ಯಾರ್ ಕೇಳಿದ್ರು?"

"ಯಾರೂ ಕೇಳಲಿಲ್ಲ. ರಾಜನೇ ರಾಣಿಗೆ ಹೇಳುತ್ತಾನೆ. ಅವಳು ಕೇಳಿಸಿಕೊಂಡು ಮಲಗುತ್ತಾಳೆ."

"ಹಂಗಾರ ಆಕಿಗೆ ಖಾನಾವಳಿ ಇದ್ದಿಲ್ಲ," ಎಂದು ಕುಳಿತ. ಈ ಸಲ ವಾಸುವೂ ನಗಲಿಲ್ಲ.

ಮರುವರ್ಷದ ಮಳೆಗಾಲದಲ್ಲಿ ಚೆನ್ನಪ್ಪ ಇನ್ನೊಮ್ಮೆ ಆ ಬಾಗಿಲಿಗೆ ಬಂದರಂತೆ. ಬಾಗಿಲ ಪಕ್ಕದ ಅದೇ ಜಾಗದಲ್ಲಿ ಕೂರಿಸಿ ಊಟ ಹಾಕಿದರು. ಬಡಿಸಿದವನು ಶಿವಾನಂದ. ಇನ್ನೊಂದು ರೊಟ್ಟಿ ಬೇಕೇ ಎಂದು ಅವನು ಕೇಳಲಿಲ್ಲ. ಮೂರನೆಯ ಸಲ ಅವರು ಬರಲಿಲ್ಲ.

ಆ ಕಾವ್ಯ ಪಠ್ಯವಾಗಿದ್ದ ವರ್ಷಗಳಲ್ಲೆಲ್ಲ ನಾನು ಅದನ್ನು ಪಾಠ ಮಾಡಿದೆ. ಮಂಚಕ್ಕೆ, ಬಿಲ್ಲಿಗೆ ಮೊದಲಿನಷ್ಟೇ ಸಮಯ ಕೊಟ್ಟೆ. ಆದರೆ ನಾನು ಒಂದು ವಾಕ್ಯದಲ್ಲಿ ದಾಟಿಸುತ್ತಿದ್ದ ಆ ದ್ವೀಪಕ್ಕೆ ಟೈಮ್‌ಟೇಬಲಿನಲ್ಲಿ ಒಂದು ಪೂರ್ತಿ ಪಿರಿಯಡ್ ಬರೆದೆ. ಕುಟುಂಬನಿಷ್ಠೆಯನ್ನು ಕಲಿಸಬೇಕಾದರೆ ಕಾದವಳಿಂದಲ್ಲ, ತಡವಾಗಿ ಬಂದವನಿಂದ ಶುರುಮಾಡಬೇಕು ಎಂಬುದು ಮೇಷ್ಟರ ಕೆಲಸ ನನಗೆ ಕಲಿಸಿದ ಪಾಠ. ಆ ಪಿರಿಯಡ್ಡಿನ ದಿನವೂ ಆರೂವರೆಗೆ ಚಿಲಕ ಹಾಕುತ್ತಿದ್ದೆ. ತಡವಾಗಿ ಬಂದವರು ಹೊರಗೆ ನಿಂತು ಕೇಳಿಸಿಕೊಳ್ಳುತ್ತಿದ್ದರು.