ಅಳಿಸಿದ ಸಹಿ

ಪೇಟೆ ಬೀದಿಯ ಮುದ್ರಣಾಲಯದಲ್ಲಿ ಇಪ್ಪತ್ತೆರಡು ವರ್ಷ ಕಂಪ್ಯೂಟರಿನ ಮುಂದೆ ಕೂತು ಅಕ್ಷರ ಜೋಡಿಸಿದವಳಿಗೆ ಎಲ್ಲರೂ ಇಟ್ಟ ಹೆಸರು ಫಾಂಟಕ್ಕ. ಕರಪತ್ರವಿರಲಿ, ಪ್ರಶ್ನೆಪತ್ರಿಕೆಯಿರಲಿ, ಅವಳ ಕೈ ದಾಟಿಯೇ ಅಚ್ಚಿಗೆ ಹೋಗಬೇಕು. ಗಂಡ ತೀರಿಕೊಂಡ ಮೇಲೆ ಮಗಳನ್ನು ಓದಿಸಿ ದಡ ಮುಟ್ಟಿಸಿದ್ದು ಆ ಕುರ್ಚಿಯಲ್ಲಿ ಕೂತೇ. ಮಗಳು ಬರೆದ ಪತ್ರದಲ್ಲೂ ಕಾಗುಣಿತ ತಿದ್ದಿ ವಾಪಸು ಕಳಿಸಿದವಳು ಎಂದು ಬೈಂಡಿಂಗಿನವನು ಆಡಿಕೊಳ್ಳುತ್ತಿದ್ದ.

ಒಮ್ಮೆ ಕೀಲುನೋವಿನ ಮುಲಾಮು ಮಾಡುವವನೊಬ್ಬ ಡಬ್ಬಿಗೆ ಅಂಟಿಸುವ ಚೀಟಿ ಮಾಡಿಸಲು ಬಂದ. "ವಯಸ್ಸಾದ ಹೆಂಗಸಿನ ಮುಖ ಒಂದು ಹಾಕಿ. ನೋಡಿದ ಕೂಡಲೇ ಅಯ್ಯೋ ಅನ್ನಿಸ್ಬೇಕು," ಎಂದ. ಫಾಂಟಕ್ಕ ಇಂಟರ್‌ನೆಟ್ಟಿನಲ್ಲಿ ಹುಡುಕಿದಳು. ಪೆನ್ಸಿಲಿನಲ್ಲಿ ಬರೆದ ಚಿತ್ರವೊಂದು ಸಿಕ್ಕಿತು. ದಿಂಬಿಗೆ ಒರಗಿದ ಮುದುಕಿ, ಅರ್ಧ ಮುಚ್ಚಿದ ಕಣ್ಣು, ಕೆನ್ನೆಯಡಿ ಮಡಚಿಟ್ಟ ಕೈ. ಕೆಳಮೂಲೆಯಲ್ಲಿ ಸಹಿಯಿತ್ತು. ಅದು ಅಡ್ಡ ಬಂತೆಂದು ಎರಡು ನಿಮಿಷದಲ್ಲಿ ಗುರುತು ಸಿಗದಂತೆ ಅಳಿಸಿ, ಅಲ್ಲಿ ಕೆಂಪಕ್ಷರದಲ್ಲಿ ಮುಲಾಮಿನ ಹೆಸರು ಕೂರಿಸಿದಳು. ಕೆಲಸ ಚೊಕ್ಕವಾಯಿತೆಂದು ಅವಳಿಗೇ ಸಮಾಧಾನವಾಯಿತು.

ನಾಲ್ಕು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ವಯಸ್ಸಾದ ಹೆಂಗಸೊಬ್ಬರು ಬಂದು ಅದೇ ಡಬ್ಬಿಯನ್ನು ಅವಳ ಮೇಜಿನ ಮೇಲಿಟ್ಟರು. ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದು ನಿವೃತ್ತರಾದವರು. ಚೀಟಿಯ ಅಂಚಿನಲ್ಲಿದ್ದ ಮುದ್ರಣಾಲಯದ ಹೆಸರು ಓದಿಕೊಂಡು ಹುಡುಕುತ್ತ ಬಂದಿದ್ದರು.

"ಇದನ್ನ ಮಾಡಿದ್ದು ಇಲ್ಲೇನಾ?"

"ಹೌದು ಮೇಡಂ, ಏನಾಗ್ಬೇಕಿತ್ತು?"

"ಇವರು ನಮ್ಮಮ್ಮ," ಎಂದರು ಟೀಚರ್. "ಹೋಗೋದಕ್ಕೆ ಮೂರು ದಿನ ಮುಂಚೆ, ಪಕ್ಕದಲ್ಲಿ ಕೂತು ಬರೆದದ್ದು. ನಾಲ್ಕು ಜನ ಬಲ್ಲವರು ನೋಡಲಿ ಅಂತ ನೆಟ್ಟಲ್ಲಿ ಹಾಕಿದ್ದೆ. ಕೆಳಗೆ ನನ್ನ ಹೆಸರಿತ್ತಲ್ಲ, ಎಲ್ಲಿ ಹೋಯ್ತು?"

ಫಾಂಟಕ್ಕ ಡಬ್ಬಿ ಎತ್ತಿ ಆ ಮೂಲೆ ನೋಡಿದಳು. ಚಿತ್ರ ಸಿಕ್ಕಿದ್ದೇ ಹಾಗೆ ಎಂದುಬಿಟ್ಟಿದ್ದರೆ ಯಾರೂ ಅಲ್ಲವೆನ್ನುತ್ತಿರಲಿಲ್ಲ.

"ನಾನೇ ಅಳಿಸಿದೆ," ಎಂದಳು.

ಮಾತು ಕೇಳಿ ಯಜಮಾನ ಒಳಗಿನಿಂದ ಎದ್ದು ಬಂದ. ಹಳೆಯ ಯಜಮಾನರ ಮಗ, ಕೆಟ್ಟವನೇನಲ್ಲ. "ನೆಟ್ಟಲ್ಲಿರೋದನ್ನ ಎಲ್ಲರೂ ತಗೋತಾರೆ ಮೇಡಂ. ಏನೋ ಒಂದಿಷ್ಟು ಕೊಡ್ತೀವಿ, ಇಲ್ಲಿಗೇ ಬಿಟ್ಬಿಡಿ."

"ನಿಮ್ಮ ದುಡ್ಡು ನನಗೆ ಬೇಡಪ್ಪ. ಕೇಳಿದ್ರೂ ನಾನು ಈ ಚಿತ್ರ ಕೊಡ್ತಿರಲಿಲ್ಲ. ನೀವು ಕೇಳಲೇ ಇಲ್ಲ. ನಮ್ಮಮ್ಮನ್ನ ಅಂಗಡಿಗಳಿಂದ ತೆಗೆಸಿ, ಅಷ್ಟು ಸಾಕು."

ಅವರು ಹೋದ ಮೇಲೆ ಫಾಂಟಕ್ಕ ಯಜಮಾನನ ಎದುರು ನಿಂತಳು. "ಆ ಚೀಟಿ ಇನ್ನು ನನ್ನ ಕೈಯಿಂದ ಅಚ್ಚಿಗೆ ಹೋಗಲ್ಲ."

"ಗಿರಾಕಿ ಹೋಗ್ತಾನಕ್ಕ."

"ಹೋಗ್ಲಿ."

ಅವನು ಗೊಣಗುತ್ತಲೇ ಫೋನು ಮಾಡಿದ. ಮುಲಾಮಿನವನು ಮೊದಲು ಹಾರಾಡಿದ; ಕೋರ್ಟಿನ ಮಾತು ಬಂದಾಗ ದನಿ ತಗ್ಗಿಸಿ ಚೀಟಿ ಬದಲಿಸಲು ಒಪ್ಪಿಕೊಂಡ. ಆದರೆ ಡಬ್ಬಿಗಳು ಆಗಲೇ ಅಂಗಡಿ ಸೇರಿದ್ದವು. ಫಾಂಟಕ್ಕ ಬರೀ ಅಕ್ಷರದ ಹೊಸ ಚೀಟಿ ಮಾಡಿಕೊಂಡು, ಮೂರು ಭಾನುವಾರ ಅಂಗಡಿಯಿಂದ ಅಂಗಡಿಗೆ ನಡೆದಳು. "ಒಳಗಿನ ಮುಲಾಮು ಅದೇ ತಾನೆ? ನಿಮಗೇನು ಬೇರೆ ಕೆಲಸ ಇಲ್ವಾ?" ಎಂದು ಔಷಧಿ ಅಂಗಡಿಯವನೊಬ್ಬ ನಕ್ಕ. ಅವಳು ಒಂದೊಂದೇ ಡಬ್ಬಿ ಎತ್ತಿಕೊಂಡು, ಆ ಮುಖದ ಮೇಲೆ ಚೀಟಿ ಹಚ್ಚಿ, ಮೆಲ್ಲಗೆ ಸವರಿ ಇಡುತ್ತಿದ್ದಳು. ಮಲಗಿದವರಿಗೆ ಹೊದಿಕೆ ಎಳೆಯುವಾಗ ಕೈ ಹೇಗೆ ಹಗುರಾಗುತ್ತದೋ ಹಾಗೆ.

ಕೊನೆಗೆ ಟೀಚರ್ ಮನೆಗೆ ಹೋಗಿ ಹೊಸ್ತಿಲಾಚೆಯೇ ನಿಂತು ಹೇಳಿದಳು, "ಎಲ್ಲಾ ಸಿಗಲಿಲ್ಲ ಮೇಡಂ. ಮಾರಿ ಹೋದದ್ದು ಹೋಯ್ತು."

"ಕ್ಷಮಿಸಿದೆ ಅನ್ನೋಕೆ ನನಗೆ ಬಾಯಿ ಬರ್ತಿಲ್ಲಮ್ಮ. ಆದ್ರೆ ಅವತ್ತು ನೀನು ಸುಳ್ಳು ಹೇಳಲಿಲ್ಲ," ಎಂದು ಟೀಚರ್ ಬಾಗಿಲು ಮುಂದೆ ಮಾಡಿಕೊಂಡರು.

ಅಂದಿನಿಂದ ಫಾಂಟಕ್ಕ ಬರೆದವರನ್ನು ಹುಡುಕಿ, ಕೇಳಿ, ಅವರ ಹೆಸರು ಹಾಕಿಯೇ ಚಿತ್ರ ಮುಟ್ಟುತ್ತಿದ್ದಳು. ಕೆಲಸ ತಡವಾಗುತ್ತಿತ್ತು; ಕೆಲವು ಗಿರಾಕಿಗಳು ಬೇರೆ ಕಡೆ ಹೋದರು. ಅವಳು ಕೆಲಸ ಬಿಡುವ ವರ್ಷ ಗ್ರಂಥಾಲಯದವರ ಪುಸ್ತಕವೊಂದರ ಮುಖಪುಟಕ್ಕೆ ದೂರದ ಕಲಾವಿದನೊಬ್ಬನ ದೋಣಿಯ ಚಿತ್ರ ಬೇಕಾಯಿತು. ಫಾಂಟಕ್ಕ ಪತ್ರ ಬರೆದಳು. ಹತ್ತು ದಿನಕ್ಕೆ ಉತ್ತರ ಬಂತು, ಕೊಡಲಾಗದು ಎಂದು.

"ಕಾರಣ ಏನಂತೆ?" ಎಂದು ಗ್ರಂಥಪಾಲಕ ಮುಖ ಗಂಟಿಕ್ಕಿದ.

"ಬರೆದಿಲ್ಲ. ಚಿತ್ರ ಅವರದ್ದು, ಬೇಡ ಅಂದಿದ್ದಾರೆ," ಎಂದು ಫಾಂಟಕ್ಕ ಕುರ್ಚಿ ಎಳೆದುಕೊಂಡು, ಬರೀ ಅಕ್ಷರದಲ್ಲೇ ಮುಖಪುಟ ಮಾಡಲು ಕೂತಳು.