ಎದುರು ಮನೆಯವನು ಕೊಟ್ಟ ಬಾವುಟದ ಕೋಲು

ಅಮೆರಿಕದಲ್ಲಿ ರಿಸೆಷನ್ ಕಾಲ. ವುಡ್‌ರಿಡ್ಜ್‌ನ ನಮ್ಮ ಬೀದಿಯಲ್ಲಿ ಹಲವು ಮನೆಗಳನ್ನು ಬ್ಯಾಂಕಿನವರು ವಶಕ್ಕೆ ತೆಗೆದುಕೊಂಡಿದ್ದರು. ಅವುಗಳ ಮುಂದೆ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಎದುರು ಮನೆಯವನಿಗೂ ಕೆಲಸ ಹೋಯಿತು. ಅವನು ದಕ್ಷಿಣದ ರಾಜ್ಯದಿಂದ ಬಂದ ಬಿಳಿಯ. ಕೆಲಸ ಹೋದ ವಾರವೇ ವರಾಂಡದಲ್ಲಿ ಬಾವುಟ ಕಟ್ಟಿದ. ಕೆಂಪು ಬಟ್ಟೆ, ಕತ್ತರಿಯಾಕಾರದ ನೀಲಿ ಪಟ್ಟಿ, ಅದರ ಮೇಲೆ ನಕ್ಷತ್ರಗಳು. ಗುಲಾಮರನ್ನು ಬಿಡಲೊಪ್ಪದೆ ಯುದ್ಧಕ್ಕಿಳಿದವರ ಬಾವುಟ ಅದು ಎಂದು ಸಿಟಿಜನ್‌ಶಿಪ್ ಪರೀಕ್ಷೆಗೆ ಓದುವಾಗ ತಿಳಿದಿದ್ದೆ.

ನವೆಂಬರ್ ಒಂದರಂದು, ಎಂದಿನಂತೆ, ನಮ್ಮ ಅರಿಶಿನ ಕುಂಕುಮದ ಬಾವುಟವನ್ನು ಗ್ಯಾರೇಜ್ ಬಾಗಿಲಿಗೆ ಟೇಪ್ ಹಾಕಿ ಅಂಟಿಸಿದೆ. ಅವನು ರಸ್ತೆ ದಾಟಿ ಬಂದ.

"ನಿಮ್ಮ ಕಡೇದಾ?"

"ಹೌದು, ನಮ್ಮ ರಾಜ್ಯದ್ದು."

"ಮತ್ತೆ ಹೀಗೆ ಅಂಟಿಸ್ತಾರೇನಯ್ಯಾ, ಹಳೇ ಸಾಮಾನು ಮಾರೋ ಗ್ಯಾರೇಜ್ ಸೇಲ್ ಬೋರ್ಡ್ ತರ? ಹುಟ್ಟಿದೂರಿನ ಬಾವುಟ ಎತ್ತರದಲ್ಲಿ ಹಾರಬೇಕು."

ತನ್ನ ಡ್ರಿಲ್ ತಂದು, ಗೋಡೆಗೆ ಕಬ್ಬಿಣದ ಹಿಡಿಕೆ ಬಿಗಿದು, ತನ್ನ ಬಾವುಟಕ್ಕಿದ್ದಂಥದೇ ಕೋಲು ಸಿಕ್ಕಿಸಿದ. ಎರಡು ಬಾವುಟಗಳೂ ಮುಖಾಮುಖಿ ಹಾರತೊಡಗಿದವು. "ನಿನಗಾದ್ರೂ ಅರ್ಥ ಆಗತ್ತೆ," ಎಂದು ನನ್ನ ಭುಜ ತಟ್ಟಿ ಹೋದ.

ಮರುದಿನ ಬೆಳಿಗ್ಗೆ ನನ್ನ ಸಹೋದ್ಯೋಗಿ ಬಂದಳು. ಕಪ್ಪು ಹೆಂಗಸು, ನನಗಿಂತ ಹಿರಿಯಳು, ಡೆಟ್ರಾಯ್ಟ್‌ನಲ್ಲಿ ಬೆಳೆದವಳು. ನಮ್ಮ ಕಾರು ಕೈಕೊಟ್ಟ ಮೇಲೆ ದಿನಾ ಅವಳೇ ನನ್ನನ್ನು ಕೆಲಸಕ್ಕೆ ಕರೆದೊಯ್ಯುತ್ತಿದ್ದಳು. ಆ ದಿನ ಮನೆ ಮುಂದಿನ ಡ್ರೈವ್‌ವೇಗೆ ತಿರುಗದೆ, ಎರಡೂ ಬಾವುಟಗಳನ್ನು ನೋಡುತ್ತ ರಸ್ತೆಯಲ್ಲೇ ಕಾರು ನಿಲ್ಲಿಸಿದಳು.

ಕಾರು ಹೈವೇ ಹತ್ತಿತು. ಆಮೇಲೆ ಕೇಳಿದಳು, "ನಿನ್ನ ಬಾವುಟಕ್ಕೆ ಕೋಲು ಕೊಟ್ಟಿದ್ದು ಯಾರು?"

ಹೇಳಿದೆ. "ಅವನದು ಬರೀ ಊರಿನ ಅಭಿಮಾನವಂತೆ."

"ಇರಬಹುದು. ನಮ್ಮಜ್ಜಿಯ ಅಜ್ಜಿನ ಮಾರಿದ್ದೂ ಆ ಕಡೆ ಊರಲ್ಲೇ. ಯಾವುದರ ಅಭಿಮಾನ ಅಂತ ಕೇಳಿದ್ಯಾ?"

ನಮ್ಮಪ್ಪ ಸಾಹುಕಾರರ ಮನೆಯಲ್ಲಿ ಜೀತಕ್ಕಿದ್ದರು. ಅವರು ಬಿಡುಗಡೆಯಾದ ಮೇಲೆಯೇ, ಮೀಸೆ ಮೂಡುವ ವಯಸ್ಸಿನಲ್ಲಿ, ನಾನು ಅ ಆ ಕಲಿತದ್ದು. ಅಪ್ಪನ ಬೆನ್ನ ಮೇಲೆ ಬಿದ್ದ ಸಾಹುಕಾರರ ಬೆಳ್ಳಿ ಕಟ್ಟಿನ ಬೆತ್ತಕ್ಕೆ ಆ ಮನೆಯವರು ಇವತ್ತಿಗೂ ಆಯುಧಪೂಜೆಯಲ್ಲಿ ಹೂವೇರಿಸುತ್ತಾರೆ. ಅದು ಊರಿನ ಹಳೆಯ ಗೌರವವಂತೆ. ಅಪ್ಪ ಮಾತ್ರ ಆ ಬೀದಿಗೇ ಹೋಗುತ್ತಿರಲಿಲ್ಲ. ಇದನ್ನು ಅವಳಿಗೆ ಹೇಳಿದೆ. ಅವಳು ರಸ್ತೆ ನೋಡುತ್ತಲೇ ತಲೆಯಾಡಿಸಿದಳು.

ಸಂಜೆ ಬಾವುಟವನ್ನು ಮತ್ತೆ ಟೇಪಿನಿಂದಲೇ ಅಂಟಿಸಿ, ಕೋಲು, ಹಿಡಿಕೆ ಎರಡನ್ನೂ ಹಿಂದಿರುಗಿಸಲು ಹೋದೆ. ಎದುರು ಮನೆಯವನು ಕೈ ಚಾಚಲಿಲ್ಲ.

"ಯಾರು ತಲೆ ತುಂಬಿದ್ದು? ಆ ನೀಲಿ ಕಾರಿನವಳಾ?" ನಗುತ್ತಲೇ ಕೇಳಿದ. "ದಿನಾ ಒಂದೇ ಟೈಮಿಗೆ ಬರ್ತಾಳಲ್ವಾ? ನಾನೀಗ ಮನೇಲೇ ಇರ್ತೀನಲ್ಲ, ಎಲ್ಲಾ ಕಾಣತ್ತೆ."

ಎರಡನ್ನೂ ಅವನ ಮೆಟ್ಟಿಲ ಮೇಲಿಟ್ಟು ಬಂದೆ. "ಅವರಿಗೆ ಈ ಬೀದಿಗೆ ಬರಬೇಡಿ ಅನ್ರೀ," ಎಂದಳು ಹೆಂಡತಿ. ಸಹೋದ್ಯೋಗಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿ, ಹೈವೇ ಎಕ್ಸಿಟ್ ಹತ್ತಿರದ ಪೆಟ್ರೋಲ್ ಬಂಕಿಗೆ ನಾನೇ ನಡೆದು ಬರುತ್ತೇನೆಂದೆ.

"ಈ ಚಳೀಲಾ? ಸುಮ್ನಿರಯ್ಯಾ. ನಿನ್ನ ಮನೆ ಎಲ್ಲಿದ್ಯೋ ಅಲ್ಲಿಗೇ ಬರ್ತೀನಿ."

ಮರುದಿನ ನೀಲಿ ಕಾರು ಡ್ರೈವ್‌ವೇ ಒಳಗೇ ಬಂದು ನಿಂತಿತು. ಯಾವತ್ತೂ ಹಾರ್ನ್ ಹಾಕದವಳು ಅವತ್ತು ಉದ್ದಕ್ಕೆ ಹಾಕಿದಳು. ಶೂ ಲೇಸ್ ಕಟ್ಟದೆ ಹೊರಗೋಡಿದೆ. ರಸ್ತೆಯಾಚೆ ಅವನ ಮೆಟ್ಟಿಲ ಮೇಲೆ ಹಿಡಿಕೆ ಮಾತ್ರ ಇತ್ತು, ಕೋಲು ಇರಲಿಲ್ಲ. ಅವನ ಬಾಗಿಲು ತೆರೆಯುತ್ತಿತ್ತು.